ನೋವಿಗೆ ಎಷ್ಟು ಅಂಕ?

ನನಗೆ ನೋವಾಗುತ್ತಿದೆ ಎಂಬುದು ನನಗೆ ಗೊತ್ತು. ಎಷ್ಟು ನೋವಾಗುತ್ತಿದೆ ಎಂಬುದು ಮಾತ್ರ ಇವತ್ತಿಗೂ ಗೊತ್ತಾಗಿಲ್ಲ. ಇದನ್ನು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ, ಏಕೆಂದರೆ ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ಇಪ್ಪತ್ತೆರಡು ವರ್ಷದಿಂದ ಊರ ಮಕ್ಕಳು ಬರೆದದ್ದನ್ನೆಲ್ಲ ಓದಿ, ಹತ್ತಕ್ಕೆ ಇಷ್ಟು ಎಂದು ಕೆಂಪು ಮಸಿಯಲ್ಲಿ ಅಂಕ ಹಾಕುತ್ತ ಬಂದಿದ್ದೇನೆ. ಅಂಥವಳಿಗೆ, ನಿನ್ನದೇ ಕೈಬೆರಳಿನ ನೋವಿಗೆ ಹತ್ತಕ್ಕೆ ಎಷ್ಟು ಎಂದು ಕೇಳಿದರೆ, ಪಾಠ ಓದದೆ ಬಂದ ಹುಡುಗಿಯ ಹಾಗೆ ಕಿಟಕಿಯ ಕಡೆ ನೋಡುತ್ತೇನೆ.

ಶುರುವಾದದ್ದು ಎರಡು ವರ್ಷದ ಹಿಂದೆ. ಮೊದಲು ಕೈಯಿಂದ ಚಾಕ್‌ಪೀಸ್ ಜಾರತೊಡಗಿತು. ಆಮೇಲೆ ರೊಟ್ಟಿ ಬಡಿಯುವುದು ಕಷ್ಟವಾಯಿತು. ಕೊನೆಗೆ ಒಂದು ಮುಂಜಾನೆ ನಲ್ಲಿ ತಿರುಗಿಸಲಾಗದೆ ನಿಂತಾಗ, ನನ್ನ ಯಜಮಾನರು ನವಲಗುಂದದಿಂದ ಹುಬ್ಬಳ್ಳಿಯ ಬಸ್ಸು ಹತ್ತಿಸಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಸಂಧಿವಾತ ಎಂದಾಯಿತು. ಲೋಪಸಂಧಿ, ಆಗಮಸಂಧಿ, ಆದೇಶಸಂಧಿ ಎಂದು ಜೀವಮಾನವಿಡೀ ಬಾಯಿಪಾಠ ಮಾಡಿಸಿದವಳಿಗೆ, ವ್ಯಾಕರಣದಲ್ಲಿಲ್ಲದ ಈ ಸಂಧಿ ಕೈಯಲ್ಲೇ ಬಂದು ಕೂತಿತ್ತು.

ಡಾಕ್ಟರು ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಮೆತ್ತಗೆ ಮಾತಾಡುವ ಹೆಣ್ಣುಮಗಳು. ಈ ವರ್ಷದ ಆರಂಭದಲ್ಲಿ ಅವರೊಂದು ಉಪಾಯ ಹೇಳಿದರು. “ಟೀಚರ್, ನೀವು ಮೂರು ತಿಂಗಳಿಗೊಮ್ಮೆ ಬರ್ತೀರಿ. ನಡುವಿನ ದಿನಾ ಹೆಂಗಿದ್ರಿ ಅಂತ ನನಗ ಹೆಂಗ ತಿಳೀಬೇಕು? ಮೊಬೈಲಿನ್ಯಾಗ ಈ ಆ್ಯಪ್ ಹಾಕ್ಕೋರಿ. ದಿನಾ ಮುಂಜಾನೆ ತುಂಬ್ರಿ. ನನಗ ಇಲ್ಲೇ ಕಾಣಸ್ತದ.”

ನಾನು ತಲೆಯಾಡಿಸುವ ಮೊದಲೇ ಯಜಮಾನರು ಮೊಬೈಲು ತೆಗೆದಿದ್ದರು. ಅವರು ಭೂಮಾಪಕರು. ಜಗತ್ತಿನಲ್ಲಿ ಇರುವುದೆಲ್ಲ ಅಳೆಯುವುದಕ್ಕಾಗಿಯೇ ಇದೆ ಎಂದು ನಂಬಿದವರು. ಹೊಲದ ಬದುವಿನಂತೆ ಹೆಂಡತಿಯ ಬೇನೆಗೂ ಒಂದು ನಕಾಶೆ ಸಿಕ್ಕಿತೆಂದು ಬಸ್ಸಿನಲ್ಲಿ ಊರು ಬರುವವರೆಗೂ ಖುಷಿಯಾಗಿದ್ದರು.

ಮರುದಿನ ಮುಂಜಾನೆ ಆ್ಯಪು ಕನ್ನಡದಲ್ಲೇ ಕೇಳಿತು: “ಇಂದು ನಿಮ್ಮ ಬೆಳಗಿನ ಠೀವಿ ಎಷ್ಟು ನಿಮಿಷ ಇತ್ತು?” ಎರಡು ಸಲ ಓದಿದೆ. ನನ್ನ ಠೀವಿಯ ಬಗ್ಗೆ ಇದಕ್ಕೆ ಯಾರು ಹೇಳಿದರು? ಯಜಮಾನರು ಇಣುಕಿ ನೋಡಿ, “ದಿನಾಪೂರ್ತಿ ಅಂತ ಹಾಕ. ನಿಂದೇನು ಮುಂಜಾನಿಗೆ ಮುಗಿಯೂದಲ್ಲ” ಎಂದರು. ಮುಂದಿನ ಪ್ರಶ್ನೆ ಇನ್ನೂ ಜೋರಾಗಿತ್ತು: “ಇತ್ತೀಚೆಗೆ ನಿಮ್ಮಲ್ಲಿ ಜ್ವಾಲೆ ಕಾಣಿಸಿಕೊಂಡಿದೆಯೇ?” ನಾನು ಗಟ್ಟಿಯಾಗಿ ಓದಿದ್ದೇ ತಪ್ಪಾಯಿತು. ಪಡಸಾಲೆಯ ಜಮಖಾನದ ಮೇಲೆ ಕೂತಿದ್ದ ನಮ್ಮ ಅತ್ತೆ, “ಎಲ್ಲಿ ಬೆಂಕಿ ಹತ್ತೇತಿ?” ಎಂದು ಗೋಡೆ ಹಿಡಿದು ಎದ್ದೇ ಬಿಟ್ಟರು. ಇಂಗ್ಲಿಷಿನಿಂದ ಕನ್ನಡಕ್ಕೆ ತಿರುಗಿಸಿದ ಈ ಆ್ಯಪಿನಲ್ಲಿ ಠೀವಿ ಎಂದರೆ ಬಿಗಿತ, ಜ್ವಾಲೆ ಎಂದರೆ ಬೇನೆ ಒಮ್ಮೆಲೇ ಏರುವುದು ಎಂದು ಆಸ್ಪತ್ರೆಗೆ ಫೋನು ಮಾಡಿ ತಿಳಿದುಕೊಳ್ಳುವುದಕ್ಕೆ ಎರಡು ದಿನ ಬೇಕಾಯಿತು.

ಆದರೆ ನಿಜವಾದ ಗೊಂದಲ ಅಂಕಗಳದ್ದು. ಸೊನ್ನೆ ಎಂದರೆ ನೋವಿಲ್ಲ, ಹತ್ತು ಎಂದರೆ ಊಹಿಸಬಹುದಾದಷ್ಟೂ ಕೆಟ್ಟ ನೋವು. ನನ್ನ ಊಹಾಶಕ್ತಿ ಚೆನ್ನಾಗಿದೆ, ತೊಂದರೆ ಅದೇ. ಯಾವ ನೋವನ್ನು ನೋಡಿದರೂ ಇದಕ್ಕಿಂತ ದೊಡ್ಡದೊಂದನ್ನು ಊಹಿಸಿಬಿಡುತ್ತೇನೆ. ಅದೂ ಅಲ್ಲದೆ ಹತ್ತಕ್ಕೆ ಹತ್ತು ಯಾರಿಗೂ ಕೊಟ್ಟವಳಲ್ಲ. ಪ್ರಬಂಧ ಎಷ್ಟೇ ಚೆಂದವಿರಲಿ, ಅಲ್ಪಪ್ರಾಣ ಮಹಾಪ್ರಾಣದ ನೆಪ ಹುಡುಕಿ ಆರಕ್ಕೆ ಇಳಿಸುತ್ತೇನೆ. ಹಾಗಾಗಿ ಬಾಚಣಿಗೆ ಹಿಡಿಯಲಾಗದ ಬೆರಳಿಗೆ ನಾಲ್ಕು ಕೊಟ್ಟೆ. ಮಣಿಕಟ್ಟಿಗೆ ಮೂರು.

ಮುಂಜಾನೆಯ ಹೊತ್ತು ನನ್ನ ಬೆರಳು ಪರದೆಯ ಮೇಲೆ ಹೇಳಿದ ಕಡೆ ಹೋಗುವುದೂ ಇಲ್ಲ. ನೋಯುವ ಕಡೆ ತೋರಿಸಲೆಂದು ಅಲ್ಲಿದ್ದ ಮನುಷ್ಯನ ಚಿತ್ರದಲ್ಲಿ ಹೆಬ್ಬೆರಳನ್ನು ಒತ್ತಲು ಹೋದರೆ ಭುಜ ಕೆಂಪಾಗುತ್ತಿತ್ತು. ಆದ್ದರಿಂದ ತುಂಬುವ ಕೆಲಸ ಯಜಮಾನರದಾಯಿತು. ನಾನು ಬಚ್ಚಲಲ್ಲಿ ಬಿಸಿನೀರಿನ ಬಕೆಟ್ಟಿನೊಳಗೆ ಕೈ ಇಳಿಬಿಟ್ಟು ಕೂತಿರುವಾಗ ಅವರು ಪಡಸಾಲೆಯಿಂದ ಕೂಗುತ್ತಿದ್ದರು. “ಬೆರಳು ಎಷ್ಟು?” “ನಾಲ್ಕು.” “ಮಣಿಕಟ್ಟು?” “ಮೂರು.” ಅಷ್ಟರಲ್ಲಿ ಮತ್ತೆ ಬಿಸಿನೀರು ಬಿಟ್ಟುಕೊಳ್ಳುತ್ತಿದ್ದೆ, ಆ ಸದ್ದಿನಲ್ಲಿ ಮುಂದಿನದು ನನಗೆ ಕೇಳುತ್ತಲೇ ಇರಲಿಲ್ಲ. ಆದರೂ ಸ್ವಲ್ಪ ಹೊತ್ತಿಗೆ “ಆತು, ಮುಗೀತು” ಎನ್ನುತ್ತಿದ್ದರು. ಉಳಿದದ್ದನ್ನು ಆ್ಯಪು ತಾನೇ ತುಂಬಿಕೊಳ್ಳುತ್ತದೆ ಎಂದುಕೊಂಡೆ. ಇಷ್ಟೆಲ್ಲ ತಿಳಿದಿರುವ ಯಂತ್ರಕ್ಕೆ ಅಷ್ಟು ತಿಳಿಯದೇ?

ಮೂರು ತಿಂಗಳಾದ ಮೇಲೆ ಮತ್ತೆ ಹುಬ್ಬಳ್ಳಿಗೆ ಹೋದೆವು. ಒಬ್ಬರೇ ಮನೆಯಲ್ಲಿರಲು ಬೇಸರವೆಂದು ಅತ್ತೆಯೂ ಬಂದಿದ್ದರು. ಡಾಕ್ಟರು ಕಂಪ್ಯೂಟರಿನಲ್ಲಿ ನನ್ನ ಗ್ರಾಫು ನೋಡುತ್ತ ನೋಡುತ್ತ ಗಂಭೀರವಾದರು.

“ಕೈ ಅಷ್ಟೇನಿಲ್ಲ ಟೀಚರ್. ಆದ್ರ ಮೊಣಕಾಲು ಎರಡೂ ದಿನಾ ಎಂಟು ಅದಾವಲ್ರಿ! ಹಿಂಗಾದ್ರ ಇಂಜೆಕ್ಷನ್ ಶುರು ಮಾಡಬೇಕಾಗ್ತದ.”

ನನ್ನ ಮೊಣಕಾಲೇ? ಗ್ರಾಫು ಸುಳ್ಳು ಹೇಳುತ್ತದೆಯೇ? ನನಗೇ ತಿಳಿಯದಂತೆ ನೋಯುತ್ತಿರಬಹುದೇನೋ! ಕಾಲು ಚಾಚಿದಾಗ ಒಳಗೆ ಏನೋ ಚಳಕ್ ಎಂದ ಹಾಗೂ ಆಯಿತು. ಡಾಕ್ಟರು ಮೊಣಕಾಲು ಒತ್ತಿ, “ಬ್ಯಾನಿ ಆಗ್ತದ?” ಎಂದರು.

“ಗೊತ್ತಾಗವಲ್ದರಿ” ಎಂದೆ.

“ಅಲ್ಲ, ದಿನಾ ನೀನ ಎಂಟು ಅಂತಿದ್ದೆಲ್ಲಾ?” ಎಂದರು ಯಜಮಾನರು.

“ನಾ ಯಾವಾಗ ಅಂದೀನ್ರಿ?”

ಬಾಗಿಲ ಬಳಿಯ ಬೆಂಚಿನಿಂದ ಅತ್ತೆಯ ದನಿ ಬಂತು. “ಎಂಟು ನಂದು.”

ಮೂವರೂ ತಿರುಗಿದೆವು. ಅತ್ತೆ ಸೆರಗು ಸರಿಮಾಡಿಕೊಂಡು ಮಗನನ್ನೇ ನೋಡಿದರು. “ಮಣಕಾಲ ಎಷ್ಟು ಅಂತ ದಿನಾ ಒದರ್ತಿದ್ದಿ. ನನ್ನನ್ನ ಕೇಳಾಕತ್ತಿ ಅಂತ ತಿಳಕೊಂಡೆ. ಇಷ್ಟು ವರ್ಷದಾಗ ಈಗರೆ ಕೇಳಿದ್ಯಲ್ಲ ಅಂತ ಅಡಿಗಿಮನಿಯಿಂದ ಹೇಳ್ತಿದ್ದೆ.”

ಊರ ಹೊಲಗಳನ್ನೆಲ್ಲ ತಪ್ಪಿಲ್ಲದೆ ಅಳೆದ ಮನುಷ್ಯ, ತನ್ನ ಮನೆಯಲ್ಲೇ ಇಬ್ಬರು ಹೆಂಗಸರ ಗಡಿ ಕಲಸಿದ್ದ. ಯಜಮಾನರು ಮೊಬೈಲಿನ ಆರಿದ ಪರದೆಯನ್ನೇ ನೋಡುತ್ತ ಕೂತರು, ಪಾಪ. ಡಾಕ್ಟರು ನಗಲಿಲ್ಲ. ನನ್ನ ಮುಂದೆ ಎರಡು ಬೆರಳು ಚಾಚಿ, “ಇವನ್ನ ಗಟ್ಟಿ ಹಿಡೀರಿ” ಎಂದರು. ಹಲ್ಲು ಕಚ್ಚಿ ಹಿಡಿದೆ.

“ಹಿಡೀರಿ ಟೀಚರ್.”

“ಹಿಡಿದೀನ್ರಿ.”

ಡಾಕ್ಟರು ಮೆಲ್ಲಗೆ, “ಇದಕ್ಕ ನಾಲ್ಕು ಹಾಕೀರಿ?” ಎಂದರು. ನನಗೆ ಅಳು ಬಂತು. “ಇದಕ್ಕಿಂತ ಹೆಚ್ಚು ಬ್ಯಾನಿ ಇದ್ದವ್ರು ಇರ್ತಾರಲ್ರಿ” ಎಂದೆ.

“ಅವರ ಆ್ಯಪ್ ಅವರು ತುಂಬ್ತಾರ. ನೀವು ನಿಮ್ಮ ಕೈ ಅಷ್ಟ ಬರೀರಿ” ಎಂದು ಹೇಳಿ ಗುಳಿಗೆ ಬದಲಿಸಿದರು. ಇಂಜೆಕ್ಷನ್ನಿನ ಮಾತು ಬಿಟ್ಟರು. ಆಮೇಲೆ ಅತ್ತೆಯನ್ನು ಕರೆದು ಕೂರಿಸಿ, ಅವರ ಮೊಣಕಾಲನ್ನು ನನ್ನದಕ್ಕಿಂತ ಹೆಚ್ಚು ಹೊತ್ತು ನೋಡಿದರು. ಸವೆತವಂತೆ. ಅದಕ್ಕೆ ಬೇರೆ ಔಷಧ, ಬೇರೆ ವ್ಯಾಯಾಮ. ಅತ್ತೆ ಬಸ್ಸಿನಲ್ಲಿ ಮಹಾರಾಣಿಯ ಹಾಗೆ ಕಿಟಕಿಯ ಸೀಟು ಹಿಡಿದರು.

ಅವತ್ತಿನಿಂದ ನಾನೇ ತುಂಬುತ್ತೇನೆ, ಬಿಸಿನೀರಿನಿಂದ ಕೈ ತೆಗೆದ ಮೇಲೆ, ನಿಧಾನವಾಗಿ. ಮೊದಲ ದಿನ ಏಳು ಒತ್ತಿದಾಗ, ಯಾರಾದರೂ ನೋಡಿದರೇನೋ ಎಂದು ಸುತ್ತ ನೋಡಿದೆ. ವಾರಗಳು ಕಳೆದಂತೆ ಏಳು ಐದಾಯಿತು, ಐದು ಮೂರಾಯಿತು. ಮೊನ್ನೆ ಸೋಮವಾರ ಎದ್ದು ಕೂತೆ, ಚಹಾ ಸೋಸಿದೆ, ಜಡೆ ಹಾಕಿಕೊಂಡೆ. ಆಮೇಲೆ ಆ್ಯಪು ತೆರೆದು ನೋಡಿದರೆ ಹಾಕಲು ಏನೂ ಇಲ್ಲ. ಸೊನ್ನೆಯ ಮೇಲೆ ಬೆರಳಿಟ್ಟು, ಧೈರ್ಯ ಸಾಲದೆ ತೆಗೆದೆ. ಇಷ್ಟು ದಿನ ಜೊತೆಗಿದ್ದದ್ದು ಹೇಳದೆ ಕೇಳದೆ ಎಲ್ಲಿ ಹೋಯಿತು? ನಾನೇ ಸರಿಯಾಗಿ ಹುಡುಕಿಲ್ಲವೇನೋ ಎನಿಸಿತು. ಬೆರಳುಗಳನ್ನು ಒಂದೊಂದಾಗಿ ಒತ್ತಿದೆ, ತಿರುಚಿದೆ, ಮಡಚಿದೆ. ಕಾಲು ಗಂಟೆ ಹೀಗೆ ಕಾಡಿದ ಮೇಲೆ ಬಲಗೈ ನಡುಬೆರಳು ಕೊನೆಗೂ ಚುರ್ ಎಂದಿತು. ಅಬ್ಬಾ ಎಂದು ಉಸಿರು ಬಿಟ್ಟು, ನೆಮ್ಮದಿಯಿಂದ ಹತ್ತಕ್ಕೆ ಒಂದು ಎಂದು ಒತ್ತಿ ಶಾಲೆಗೆ ಹೋದೆ.