ವಾಗದರಿ ಚಾವಡಿಯ ಕುರ್ಚಿಯಲ್ಲಿ ಕುಳಿತು ನಗದವರಿಗೆ

ಸೊಲ್ಲಾಪುರ,
ಮಾಘ ಮಾಸ, ೧೯೫೮

ವಾಗದರಿಯ ಹಿರಿಯರೂ, ಬತ್ತದ ಬಾವಿಯ ಧಣಿಗಳೂ, ಚಾವಡಿಯಲ್ಲಿರುವ ಒಂದೇ ಒಂದು ಕುರ್ಚಿಯ ಒಡೆಯರೂ ಆದ ಶ್ರೀಮಾನ್ ಸಾಯಬಣ್ಣಗೌಡರ ಸನ್ನಿಧಾನಕ್ಕೆ,

ಮಾನ್ಯರೇ,

ತಮ್ಮ ಆರೋಗ್ಯ, ತಮ್ಮ ಎತ್ತುಗಳ ಆರೋಗ್ಯ ಹಾಗೂ ತಮ್ಮ ಮೀಸೆಯ ಆರೋಗ್ಯ ಎಲ್ಲವೂ ಕ್ಷೇಮವೆಂದು ನಂಬಿ, ಕೈಮುಗಿದು ಬರೆದುಕೊಳ್ಳುವ ನಾನು ರಖಮಾಬಾಯಿ, ತಮ್ಮದೇ ಊರಿನ ಹಲಗೆ ಬಾರಿಸುವ ಹುಲೆಪ್ಪನ ಮಗಳು. ಗಿರಣಿಯಲ್ಲಿ ನೂಲು ಸುತ್ತಿ ಕಣ್ಣು ಸವೆಸಿ, ಈಗ ಸೊಲ್ಲಾಪುರದ ಚಾಳಿನಲ್ಲಿ ಕೇಳಿದವರಿಗೂ ಕೇಳದವರಿಗೂ ಬುದ್ಧಿ ಹೇಳುತ್ತ ಕೂತಿರುವವಳು. ಸಾಲೆಯ ಮೆಟ್ಟಿಲು ಹತ್ತದೆ, ಬೆಲ್ಲ ಕಟ್ಟಿ ಕೊಟ್ಟ ಕಾಗದ ಬಿಚ್ಚಿ ಓದಿ ಅಕ್ಷರ ಕಲಿತವಳಾದ್ದರಿಂದ, ಇದರಲ್ಲಿ ತಪ್ಪು ಕಂಡರೆ ಅದು ಕಿರಾಣಿ ಅಂಗಡಿಯವನದೆಂದು ತಿಳಿಯಬೇಕು. ಪತ್ರವನ್ನು ಪಾಕೀಟಿನಲ್ಲಿ ಅಂಟಿಸದೆ ಕಾರ್ಡುಗಳ ಮೇಲೆ ಬರೆದು ಒಂದರ ಬೆನ್ನಿಗೊಂದು ಕಳಿಸುತ್ತಿರುವುದಕ್ಕೂ ಕಾರಣವುಂಟು. ಪಾಕೀಟಾದರೆ ತಾವೊಬ್ಬರೇ ಓದುವಿರಿ. ಕಾರ್ಡಾದರೆ ಅಂಚೆಯಣ್ಣ ಓದುತ್ತಾನೆ, ಅವನು ಚಹಾ ಕುಡಿಯುವ ಅಂಗಡಿಯ ನಾಗಣ್ಣ ಓದಿಸಿ ಕೇಳುತ್ತಾನೆ, ನಾಗಣ್ಣ ಕೇಳಿದ ಮೇಲೆ ಡಂಗುರದವನಿಗೆ ಕೆಲಸ ಉಳಿಯುವುದಿಲ್ಲ. ತಮ್ಮಂಥ ದೊಡ್ಡವರ ಸಂಗತಿ ಗುಟ್ಟಾಗಿ ಉಳಿದರೆ ಊರಿಗೇ ಅವಮಾನವಲ್ಲವೇ?

ಸಂಗತಿ ತಮ್ಮ ಮುಖದ್ದು.

ಆ ಮುಖದ ಗಾಂಭೀರ್ಯವನ್ನು ಹೊಗಳಲು ನನ್ನ ಬೆಲ್ಲದ ಕಾಗದದ ವಿದ್ಯೆ ಸಾಲದು. ಗಿರಣಿಯ ಭೋಂಗಾ ಕೂಗಿದಾಗಲೂ ತಿರುಗಿ ನೋಡದ ಗೋಡೆಯ ಗಡಿಯಾರವನ್ನು ನಾನು ಕಂಡಿದ್ದೇನೆ; ಅದರ ಮುಳ್ಳಾದರೂ ಅಲುಗುತ್ತದೆ. ಹೋದ ವರ್ಷದ ಹಿಂದಿನ ವರ್ಷ ನಮ್ಮ ಕೇರಿ ಬೌದ್ಧವಾಯಿತಷ್ಟೆ. ನಮ್ಮ ಮನೆಯ ಗೋಡೆಯ ಮೇಲೆ ಬುದ್ಧನ ಪಟವಿದೆ. ಮನೆ ಮಠ ಹೆಂಡತಿ ಮಗು ಎಲ್ಲವನ್ನೂ ಬಿಟ್ಟು ಹೋದ ಆ ಮಹಾತ್ಮನ ತುಟಿಯ ಮೇಲೂ ಒಂದು ಸಣ್ಣ ನಗೆಯಿದೆ. ಎತ್ತು, ಬಾವಿ, ಹೊಲ, ಕುರ್ಚಿ ಏನನ್ನೂ ಬಿಡದ ತಮ್ಮ ತುಟಿಯ ಮೇಲೆ ಅಷ್ಟೂ ಇಲ್ಲ. ಇದು ಯಾವ ತಪಸ್ಸಿನ ಫಲ ಎಂದು ಚಾಳಿನವರೆಲ್ಲ ಕೇಳುತ್ತಾರೆ.

ಈಗ ನಮ್ಮ ಸೈದಪ್ಪನ ವಿಚಾರಕ್ಕೆ ಬರುತ್ತೇನೆ. ಅವನು ನನ್ನ ತಮ್ಮ ತುಕಾರಾಮನ ಮಗ. ತಮಾಷಾ ಮೇಳದಲ್ಲಿ ಜನರನ್ನು ನಗಿಸುವ ಸೋಂಗಾಡ್ಯಾ. ಮೇಳ ಒಡೆಯಿತು. ಹಾಡುವವಳು ಬೇರೆ ಮೇಳಕ್ಕೆ ಹೋದಳು, ಢೋಲಕಿಯವನು ಗಿರಣಿ ಸೇರಿದ, ಒಂಟಿತಂತಿಯ ತುಂತುಣಿ ಮೀಟುವವನಿಗೆ ಅದನ್ನು ಮಾರಿ ಎಮ್ಮೆ ಕೊಳ್ಳುವ ಬುದ್ಧಿ ಬಂತು. ಉಳಿದವನು ಇವನೊಬ್ಬನೇ. ಹಾಡಿಲ್ಲ, ಕುಣಿತವಿಲ್ಲ, ತಾಳವಿಲ್ಲ. ಹೆಗಲ ಮೇಲೊಂದು ಟವೆಲು, ಎದುರಿಗೊಂದು ಊರು. ಒಬ್ಬನೇ ನಿಂತು ಮಾತನಾಡಿ ಜನರನ್ನು ನಗಿಸುವುದೆಂದರೆ, ಹಗ್ಗವೂ ಕೊಡವೂ ಇಲ್ಲದೆ ಬಾವಿಯಿಂದ ನೀರು ಸೇದಿದಂತೆ. ಅವನು ಸೇದಿದ. ಮರವಡೆಯಲ್ಲಿ ನಕ್ಕರು, ವಳಸಂಗದಲ್ಲಿ ನಕ್ಕು ನಕ್ಕು ಕಟ್ಟೆಯಿಂದ ಬಿದ್ದರು. ಆದರೆ ನಮ್ಮ ಭಾಗದಲ್ಲಿ ಎಲ್ಲ ಊರೂ ಮೊದಲು ಕೇಳುವುದು, ವಾಗದರಿಯಲ್ಲಿ ಹೆಂಗಾಯ್ತಪಾ ಎಂದು. ಸ್ವಂತ ಊರಿನವರೇ ನಗದವನನ್ನು ಬೇರೆ ಊರಿನವರು ಎಷ್ಟು ದಿನ ಕರೆದಾರು?

ವಾಗದರಿಯಲ್ಲಿ ಜೋಳದ ರಾಶಿ ಮುಗಿದ ಮೇಲೆ ಚಾವಡಿಯ ಮುಂದೆ ಗ್ಯಾಸಬತ್ತಿ ಹಚ್ಚಿ ಅವನನ್ನು ನಿಲ್ಲಿಸುತ್ತಾರೆ. ಊರೆಲ್ಲ ನೆಲದ ಮೇಲೆ, ತಾವು ಕುರ್ಚಿಯ ಮೇಲೆ. ಅಕ್ಕಲಕೋಟದ ಸಂಸ್ಥಾನ ಮುಗಿದ ವರ್ಷ ತಾವು ಅಲ್ಲಿಂದ ಚಕ್ಕಡಿಯಲ್ಲಿ ತಂದ ಕುರ್ಚಿಯಂತೆ ಅದು. ರಾಜರ ಕಾಲ ಮುಗಿದ ಸುದ್ದಿ ಊರಿಗೆಲ್ಲ ಮುಟ್ಟಿತು, ಕುರ್ಚಿಯೊಂದಕ್ಕೆ ಮುಟ್ಟಲಿಲ್ಲ. ಕುರ್ಚಿ ನಗುವ ತನಕ ನೆಲ ನಗಬಾರದು ಎಂಬ ಕಟ್ಟಳೆಯನ್ನು ಯಾರು ಮಾಡಿದರೋ ತಿಳಿಯದು. ತಾವು ಮಾಡಿದ್ದಲ್ಲ ಎಂದು ಬಲ್ಲೆ, ಮುರಿದದ್ದೂ ಇಲ್ಲ ಎಂದೂ ಬಲ್ಲೆ.

ಕಳೆದ ಸಲ ನಾನೂ ಹೆಂಗಸರ ಸಾಲಿನಲ್ಲಿ ಕೂತಿದ್ದೆ. ಸೈದಪ್ಪ ಮೊದಲು ಚಹಾದಂಗಡಿಯ ನಾಗಣ್ಣನನ್ನು ಎತ್ತಿಕೊಂಡ. “ನಾಗಣ್ಣ ಚಹಾದಾಗ ಹಾಲು ಹಾಕೂದಿಲ್ರಿ. ಕುದಿಯೂ ಮುಂದ ಎಮ್ಮಿ ಹೆಸರು ಹೇಳಿ ಕೆಳಗ ಇಳಸ್ತಾನ” ಎಂದ. ಊರಿನ ಎಲ್ಲ ಬಾಯಿಗಳೂ ತೆರೆದವು, ಎಲ್ಲ ಕಣ್ಣುಗಳೂ ಕುರ್ಚಿಯ ಕಡೆ ಹೊರಳಿದವು, ತಾವು ಬತ್ತಿಯನ್ನು ನೋಡುತ್ತಿದ್ದಿರಿ, ಬಾಯಿಗಳು ಮುಚ್ಚಿಕೊಂಡವು. ಆಮೇಲೆ ದರ್ಜಿ ಸಿದ್ದಣ್ಣನ ಸರದಿ. ಸಿದ್ದಣ್ಣ ಹೊಲಿದ ಅಂಗಿಯ ಕಂಕುಳು ಎಷ್ಟು ಬಿಗಿಯೆಂದರೆ ಹಾಕಿಕೊಂಡವನಿಗೆ ಕೈ ಮುಗಿಯಲು ಬರುವುದಿಲ್ಲ, ಊರಲ್ಲಿ ಹಿರಿಯರಿಗೆ ಮರ್ಯಾದೆ ಕಡಿಮೆಯಾದದ್ದು ಅದರಿಂದಲೇ ಎಂದು ಹೇಳಿ, ಹಾಗೆ ಕೈ ಮುಗಿಯಲು ಹೋಗಿ ಅರ್ಧಕ್ಕೆ ಸಿಕ್ಕಿಕೊಂಡವನಂತೆ ತಮ್ಮೆದುರೇ ನಿಂತ. ಗಂಡಸರು ರುಮಾಲಿನ ಚುಂಗು ಬಾಯಿಗೆ ತುರುಕಿಕೊಂಡರು. ಸೂಲಗಿತ್ತಿ ಸುಗಲಾಬಾಯಿ ಕೆಮ್ಮು ಬಂತೆಂದು ಎದ್ದು ಚಾವಡಿಯ ಹಿಂದೆ ಹೋಗಿ, ಗೋಡೆಗೆ ಹಣೆ ಹಚ್ಚಿ ನಕ್ಕು, ಕಣ್ಣೊರೆಸಿಕೊಂಡು ಬಂದು ಮತ್ತೆ ಕೂತಳು. ಅವಳನ್ನು ನೋಡಿ ಉಳಿದವರಿಗೂ ಕೆಮ್ಮು ಹತ್ತಿತು. ಕೊನೆಕೊನೆಗೆ ಚಾವಡಿಯ ಮುಂದಿಗಿಂತ ಹಿಂದೆಯೇ ಜನ ಹೆಚ್ಚಾದರು. ಮುಂದೆ ಉಳಿದವರು ಸೈದಪ್ಪ, ತಾವು, ಮತ್ತು ನಿದ್ದೆ ಹೋದ ತಳವಾರ.

ಮರುದಿನ ನನ್ನ ಚಾಳಿಗೆ ಬಂದು ಹೊಸ್ತಿಲಲ್ಲೇ ಕೂತ ಹುಡುಗ ಹೇಳಿದ್ದು ಇಷ್ಟು: “ಅತ್ತಿ, ನಾಗಣ್ಣನ ಮಾತಿಗೆ ಕುರ್ಚಿ ಕಿರ್‌ ಅಂತು. ಕುರ್ಚಿಗೆ ನಗಸೂದು ಆಗತದ. ಮ್ಯಾಲಿನವರಿಗೆ ಆಗವೊಲ್ದು.”

ಆದಕಾರಣ, ಮಾನ್ಯರೇ, ತಮ್ಮ ಮುಖವನ್ನು ಚಾವಡಿಯಂಥ ಸಣ್ಣ ಜಾಗದಲ್ಲಿ ವ್ಯರ್ಥ ಮಾಡಬಾರದೆಂದು ಪ್ರಾರ್ಥನೆ. ಸೊಲ್ಲಾಪುರದ ಯಾವುದಾದರೂ ಗಿರಣಿಯಲ್ಲಿ ನೂಲು ತೆಗೆಯುವ ಖಾತೆಗೆ, ಆ ಯಂತ್ರಗಳ ಮುಂದೆ ನಿಲ್ಲಿಸಲು, ಅದನ್ನು ಎರವಲು ಕೊಟ್ಟರೆ ಹೆದರಿ ಒಂದು ಎಳೆಯೂ ಹರಿಯಲಾರದು. ತಮ್ಮ ಜೋಳದ ಹೊಲದಲ್ಲಿ ನಿಲ್ಲಿಸಿದರೆ ಗುಬ್ಬಿ ಓಡಿಸುವ ಆಳಿನ ಕೂಲಿ ಉಳಿದೀತು. ಎರಡೂ ಆಗದಿದ್ದರೆ, ಬರುವ ಶನಿವಾರ ಇರುವ ಈ ವರ್ಷದ ಆಟದ ಮಟ್ಟಿಗೆ ನಗುವ ಅಧಿಕಾರವನ್ನು ತಳವಾರನಿಗೆ ವಹಿಸಿ ಒಂದು ಹುಕುಂ ಹೊರಡಿಸಬೇಕು. ಅವನು ಎಚ್ಚರವಿದ್ದಾಗ ತಮ್ಮ ಪರವಾಗಿ ನಗುವನು. ಅದೂ ಹಗುರವೆನಿಸಿದರೆ ಕುರ್ಚಿಯನ್ನು ಹಿಂದುಮುಂದಾಗಿ ಹಾಕಿಕೊಂಡು ಕೂರಬೇಕು. ತಮ್ಮ ಬೆನ್ನನ್ನು ನಾವು ನೋಡಿಲ್ಲ. ಮುಖಕ್ಕಿಂತ ಅದು ಮೃದುವಾಗಿರಬಹುದೆಂಬ ಆಸೆ.

ಇಷ್ಟೇ ಬರೆದು ಮುಗಿಸುವವಳಿದ್ದೆ. ಅಷ್ಟರಲ್ಲಿ ಕಳೆದ ಮಂಗಳವಾರ ತಮ್ಮ ಧರ್ಮಪತ್ನಿ ಸೋನಾಬಾಯಿಯವರು ಚಾದರ ಕೊಳ್ಳಲು ಸೊಲ್ಲಾಪುರಕ್ಕೆ ಬಂದವರು ನೇಕಾರರ ಅಂಗಡಿಯಲ್ಲಿ ನನಗೆ ಸಿಕ್ಕರು. ತವರಿನ ಕಡೆಯವರೆಂದು ನಾನು ಮಾತನಾಡಿಸಿದೆ, ಗೌಡರು ಎಂದಾದರೂ ನಗುವುದುಂಟೇ ಎಂದು ಕೇಳಿದೆ. ಅವರು ಹೇಳಿದ್ದು ಹೀಗೆ. ಆಟದ ಮರುದಿನ ನಸುಕಿನಲ್ಲಿ ಕೊಟ್ಟಿಗೆಯಲ್ಲಿ ಕಣಿಕೆ ಹಾಕುತ್ತ ತಾವು ಎತ್ತುಗಳಿಗೆ ನಾಗಣ್ಣನ ಎಮ್ಮೆಯ ಮಾತನ್ನು ಹೇಳಿ, ಗೋದಲಿ ಹಿಡಿದು ಬಗ್ಗಿ ನಗುತ್ತೀರಂತೆ. ಸಿದ್ದಣ್ಣನ ಅಂಗಿ ತೊಟ್ಟವನಂತೆ ಕೈ ಅರ್ಧಕ್ಕೆ ಎತ್ತಿ ನಿಲ್ಲುತ್ತೀರಂತೆ. ಬಿಳಿ ಎತ್ತಿಗೆ ಆ ಮಾತು ಈಗ ಬಾಯಿಪಾಠವಂತೆ.

ಸೈದಪ್ಪ ಬೆವರು ಸುರಿಸಿ ಬೆಳೆದ ನಗೆಯನ್ನು ಹೀಗೆ ಕದ್ದು ಮನೆಗೊಯ್ದು ಎತ್ತುಗಳ ಮುಂದೆ ಸುರಿಯುವುದು ಯಾವ ನ್ಯಾಯ ಎಂದು ನಾನು ಕೇಳುವವಳಿದ್ದೆ. ಕೇಳುವ ಮೊದಲೇ ಸೋನಾಬಾಯಿಯವರು ದನಿ ತಗ್ಗಿಸಿ ಅಂದರು: “ರಖಮವ್ವಾ, ನಿಮ್ಮ ಸೈದಪ್ಪ ಊರಾಗಿನ ನಾಯಿ ಬೆಕ್ಕಿಂದೂ ಹೆಸರು ಎತ್ತತಾನ. ನಮ್ಮವರ ಹೆಸರಿಗೆ ಏನ್ ಮುಳ್ಳು ಹತ್ಯಾವೇನು? ವರ್ಷಾ ಹೊಸಾ ರುಮಾಲ ಸುತಗೊಂಡು ಹೋಗಿ ಮುಂದ ಕುಂದರತಾರ, ಇವತ್ತರೆ ನನ್ನ ಹೆಸರು ಬರ್ತದೇನೋ ಅಂತ. ಬರೂದಿಲ್ಲ. ಮನಿಗಿ ಬಂದು ಉಣದ ಮಲಗತಾರ.”

ಗೌಡರೇ, ಆಗ ನನಗೆ ತಮ್ಮ ಮೇಲಿದ್ದ ಸಿಟ್ಟಿನಲ್ಲಿ ಅರ್ಧ ಇಳಿಯಿತು. ಇನ್ನರ್ಧವನ್ನು ಈ ಪತ್ರಕ್ಕೆ ಬೇಕೆಂದು ಇಟ್ಟುಕೊಂಡಿದ್ದೇನೆ. ಸೈದಪ್ಪನ ಬಾಯಲ್ಲಿ ಹೆಸರು ಬರುವುದೆಂದರೆ ವಾಗದರಿಯಲ್ಲಿ ಸಣ್ಣ ಮಾತಲ್ಲ. ನಾಗಣ್ಣನನ್ನು ಈಗ ಮಕ್ಕಳು ಮರಿ ಎಲ್ಲರೂ, ಎಮ್ಮೆಯ ಹೆಸರು ಹೇಳಿದೆಯಾ ಎಂದು ಕೇಳಿಯೇ ಚಹಾ ಕುಡಿಯುತ್ತಾರೆ. ಅವನ ಅಂಗಡಿಗೆ ಬೆಂಚು ಸಾಲುತ್ತಿಲ್ಲ, ಹಾಲು ಮಾತ್ರ ಇನ್ನೂ ಬಂದಿಲ್ಲ. ಹೆಸರು ಬಾರದವನು ಊರಲ್ಲಿದ್ದೂ ಇಲ್ಲದವನು. ಇಷ್ಟು ವರ್ಷ ನೆಲದ ಮೇಲೆ ಕೂತವರೆಲ್ಲ ಕುರ್ಚಿಯ ಭಾಗ್ಯ ನೋಡಿ ಕರುಬಿದರೆ, ಕುರ್ಚಿ ನೆಲದ ಭಾಗ್ಯ ನೋಡಿ ಕರುಬುತ್ತಿತ್ತು ಎಂದು ಯಾರಿಗೆ ಗೊತ್ತಿತ್ತು?

ಆದರೆ ಅವನು ತಮ್ಮ ಹೆಸರೆತ್ತದಿರುವುದು ಹೆದರಿಕೆಯಿಂದಲ್ಲ. ನಮ್ಮ ಹಿರಿಯರಿಂದ ಬಂದ ಕಸುಬಿನ ಕಟ್ಟಳೆ ಅದು: ಉಂಡ ಮನೆಯವರನ್ನಷ್ಟೇ ಅಣಕಿಸಬೇಕು. ರೊಟ್ಟಿ ಕೊಟ್ಟರೆ, ಇವನು ನಮ್ಮವನು, ಏನಾದರೂ ಅನ್ನಲಿ ಎಂದು ಒಪ್ಪಿಗೆ ಕೊಟ್ಟಂತೆ. ಉಣದ ಮನೆಯ ಮೇಲೆ ಆಡಿದ ಮಾತು ಹಾಸ್ಯವಲ್ಲ, ಬೈಗುಳ. ಆಟದ ದಿನ ಬೆಳಗ್ಗೆಯಿಂದ ಸೈದಪ್ಪ ಊರು ತಿರುಗುವುದು ಅದಕ್ಕೇ. ನಾಗಣ್ಣನ ಮನೆಯಲ್ಲಿ ಅರ್ಧ ರೊಟ್ಟಿ, ಸಿದ್ದಣ್ಣನ ಮನೆಯಲ್ಲಿ ಅರ್ಧ, ಸುಗಲಾಬಾಯಿಯ ಮನೆಯಲ್ಲಿ ಬೇಡವೆಂದರೂ ಒಂದೂವರೆ. ಸಂಜೆಗೆ ಅವನ ಹೊಟ್ಟೆಯಲ್ಲಿ ಯಾವ ಯಾವ ಮನೆಯ ಜೋಳವಿದೆಯೋ ಆ ಮನೆಗಳ ಹೆಸರು ಬಾಯಲ್ಲಿ ಬರುತ್ತವೆ.

ತಮ್ಮ ಮನೆಯಿಂದಲೂ ಬರುತ್ತದೆ. ಚೀಲ ಬರುತ್ತದೆ. ಊರಲ್ಲಿ ಯಾರೂ ಕೊಡದಷ್ಟು ಜೋಳವನ್ನು ತಾವು ಆಳಿನ ಕೈಯಲ್ಲಿ ಚಾವಡಿಗೆ ಕಳಿಸುತ್ತೀರಿ. ತಮ್ಮ ಕೈ ದೊಡ್ಡದು, ಅದನ್ನು ಅಲ್ಲಗಳೆದರೆ ನನ್ನ ನಾಲಗೆ ಬಿದ್ದೀತು. ಆದರೆ ಹಸಿ ಕಾಳಿಗೆ ನಮ್ಮ ಕಟ್ಟಳೆಯಲ್ಲಿ ಲೆಕ್ಕವಿಲ್ಲ. ಕಾಳು ಯಾರ ಕೈಯಿಂದ ಯಾರ ಕೈಗೆ ಹೋದರೂ ಮೈಲಿಗೆಯಾಗುವುದಿಲ್ಲವಲ್ಲ, ಅದಕ್ಕೇ ಅದನ್ನು ಕೊಡುವುದು ಸುಲಭ. ಬೇಯಿಸಿದ್ದು ಬೇಕು. ನನ್ನವ್ವ ತಮ್ಮ ಹಿತ್ತಲಲ್ಲಿ ಸೆರಗೊಡ್ಡಿ ನಿಂತಾಗ ಮೇಲಿನಿಂದ ಬಿದ್ದ ರೊಟ್ಟಿಯನ್ನು ನಾನೂ ತಿಂದವಳೇ; ಅದೂ ಲೆಕ್ಕಕ್ಕಿಲ್ಲವೆಂದು ನಮ್ಮ ಹಿರಿಯರು ಆಗಲೇ ತೀರ್ಪು ಕೊಟ್ಟಿದ್ದರು. ಬಿದ್ದದ್ದು ಊಟವಲ್ಲ, ಬಡಿಸಿದ್ದು ಊಟ.

ಇದನ್ನೇ ಅಂದು ಅಂಗಡಿಯಲ್ಲಿ ಚುಟುಕಾಗಿ ಹೇಳಿದೆ: “ಅಕ್ಕಾರ, ಅದು ನಮ್ಮ ಹುಡುಗನ ಕೈಯಾಗಿಲ್ರಿ. ನಿಮ್ಮ ಒಲಿ ಮ್ಯಾಗ ಐತ್ರಿ.” ಸೋನಾಬಾಯಿಯವರು ಬೆಲೆ ಕೇಳುವುದನ್ನೂ ಮರೆತು ಚಾದರವನ್ನು ಕಂಕುಳಲ್ಲಿ ಇರುಕಿಕೊಂಡರು.

ಬರುವ ಶನಿವಾರದ ಆಟವೂ ಕೆಮ್ಮಿನಲ್ಲೇ ಮುಗಿದರೆ ಮುಂದೇನೆಂಬುದು ನಿಶ್ಚಯವಾಗಿದೆ. ಅವನ ಹೆಂಡತಿ ಕಮಳಾಬಾಯಿ ಗಿರಣಿಗೆ ಆಳು ಹಚ್ಚುವ ಮುಕಾದಮನ ಹತ್ತಿರ ಬದಲಿ ಕೆಲಸಕ್ಕೆ ಮಾತಾಡಿ ಇಟ್ಟಿದ್ದಾಳೆ. ಅವಳ ತಪ್ಪಿಲ್ಲ, ಒಲೆ ಅವಳದೂ ಇದೆಯಲ್ಲ. ಸೋಮವಾರದಿಂದ ಸೈದಪ್ಪ ಮಗ್ಗದ ಮುಂದೆ. ನಾನು ಆ ಖಾತೆಗಳನ್ನು ಬಲ್ಲೆ. ಅಲ್ಲಿ ಸದ್ದಿನಲ್ಲಿ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ, ತುಟಿ ಆಡಿದ್ದಷ್ಟೇ ಕಾಣುತ್ತದೆ. ನಮ್ಮ ಹುಡುಗ ಸುಮ್ಮನಿರುವವನಲ್ಲ, ಅಲ್ಲಿಯೂ ಹೇಳುತ್ತಾನೆ. ಕೇಳದ ಮಾತಿಗೆ ಯಾರು ನಗಬೇಕು? ವಾಗದರಿಯ ಚಾವಡಿಯಲ್ಲಿ ಒಬ್ಬರು ನಗಲಿಲ್ಲ. ಅಲ್ಲಿ ಇಡೀ ಖಾತೆಯೇ ಕುರ್ಚಿಯ ಮೇಲಿನ ಗೌಡರಾಗಿರುತ್ತದೆ.

ಆದಕಾರಣ ಮೇಲೆ ಕೇಳಿದ ಎರವಲು, ಹುಕುಂ, ಬೆನ್ನು ಎಲ್ಲವನ್ನೂ ಹಿಂದಕ್ಕೆ ಪಡೆದು, ಒಂದೇ ಒಂದನ್ನು ಬೇಡಿಕೊಳ್ಳುತ್ತೇನೆ. ಶನಿವಾರ ಮಧ್ಯಾಹ್ನ ಒಂದು ರೊಟ್ಟಿ. ಜೊತೆಗೆ ಶೇಂಗಾ ಹಿಂಡಿ ಇದ್ದರೆ ಸಾಕು, ಪುಂಡಿ ಪಲ್ಯ ಇದ್ದರೆ ಇನ್ನೂ ಒಳ್ಳೆಯ ಮಾತು ಬಂದಾವು. ಅವನು ಹೆಚ್ಚು ಉಣ್ಣುವವನಲ್ಲ. ಮಣೆ ಹಾಕಿ, ತಾಟಿನಲ್ಲಿ ಬಡಿಸಿ, ಎದುರು ಕೂತು, ಇನ್ನೊಂದು ಹಾಕ್ಕೊ ಎಂದು ತಾವು ಒಮ್ಮೆ ಅಂದರೆ ಮುಗಿಯಿತು. ಅನ್ನುವಾಗ ನಗಬೇಕೆಂದಿಲ್ಲ. ಅದನ್ನು ಅವನು ಸಂಜೆ ನೋಡಿಕೊಳ್ಳುತ್ತಾನೆ.

ಊರ ಸಂಬಂಧದಲ್ಲಿ ತಾವು ನನಗೆ ಅಣ್ಣನಾಗಬೇಕು. ಪತ್ರದ ತಲೆಗೆ ‘ಅಣ್ಣಾ’ ಎಂದು ಬರೆಯಲು ಹೋಗಿ, ಅಣ್ಣನ ಮನೆಯಲ್ಲಿ ಕೂತು ಉಣದ ತಂಗಿ ಎಲ್ಲಿದ್ದಾಳೆಂದು ಅನ್ನಿಸಿ ‘ಮಾನ್ಯರೇ’ ಎಂದು ಬರೆದಿದ್ದೇನೆ. ಮುಂದಿನ ಪತ್ರಕ್ಕೆ ಯಾವುದನ್ನು ಬರೆಯಬೇಕೆಂಬುದನ್ನು ತಮ್ಮ ಅಡಿಗೆಮನೆಗೆ ಬಿಟ್ಟಿದ್ದೇನೆ.

ತಮ್ಮ ವಿಶ್ವಾಸಿ,
ಊರ ಮಗಳು ರಖಮಾಬಾಯಿ

ತಾ.ಕ.: ನಮ್ಮ ಕಟ್ಟಳೆಗೆ ಒಂದು ಬಾಲವಿರುವುದನ್ನು ಬರೆಯಲು ಮರೆತೆ. ಉಣ್ಣಲು ಎಲ್ಲಿ ಕೂಡ್ರಿಸಿದರೋ ಅಲ್ಲಿಂದಲೇ ಆ ಮನೆಯ ಹಾಸ್ಯ ಶುರುವಾಗಬೇಕು. ಪಡಸಾಲೆಯಲ್ಲಿ ಉಣಿಸಿದರೆ ಪಡಸಾಲೆಯಿಂದ. ಕೊಟ್ಟಿಗೆಯಲ್ಲಿ ಉಣಿಸಿದರೆ ಕೊಟ್ಟಿಗೆಯಿಂದ. ಕೊಟ್ಟಿಗೆಯಲ್ಲಿ ನಡೆಯುವುದೆಲ್ಲ ಸೋನಾಬಾಯಿಯವರ ಕೃಪೆಯಿಂದ ನನಗೆ ಗೊತ್ತು, ನನ್ನಿಂದ ಸೈದಪ್ಪನಿಗೂ ಗೊತ್ತು, ಬಿಳಿ ಎತ್ತಿಗಂತೂ ಬಾಯಿಪಾಠ. ಆಯ್ಕೆ ತಮ್ಮದು.