ನಮ್ಮ ಸಿ.ಆರ್. ಇನ್ನೂ ಅಧಿಕಾರ ಬಿಟ್ಟಿಲ್ಲ

ನಮ್ಮ ಬಿ.ಎಸ್ಸಿ. ಕ್ಲಾಸಿನ ಸಿ.ಆರ್. ಇನ್ನೂ ಅಧಿಕಾರದಲ್ಲಿದ್ದಾನೆ ಎಂದರೆ ನೀವು ನಂಬುವುದಿಲ್ಲ. ಸಿ.ಆರ್. ಅಂದರೆ ಗೊತ್ತಲ್ಲ, ತರಗತಿಯ ಪ್ರತಿನಿಧಿ. ನಾವು ದಾವಣಗೆರೆಯ ಕಾಲೇಜು ಬಿಟ್ಟು ಮೂವತ್ತೈದು ವರ್ಷದ ಮೇಲಾಯಿತು. ಪಾಠ ಹೇಳಿದ ಮೇಷ್ಟ್ರುಗಳು ನಿವೃತ್ತರಾದರು, ನಾವು ಹೆಸರು ಕೆತ್ತಿದ ಬೆಂಚುಗಳು ಗುಜರಿ ಸೇರಿದವು, ಎಷ್ಟೋ ಸರ್ಕಾರಗಳು ಬಂದವು, ಬಿದ್ದವು. ಇವನು ಮಾತ್ರ ಕುರ್ಚಿ ಬಿಟ್ಟು ಕದಲಿಲ್ಲ! ಕೇಳಿದರೆ ಅವನ ಲೆಕ್ಕ ತೀರಾ ಸರಳ.

"ನನ್ನ ಆರಿಸಿದ್ರಿ ಹೌದಲ್ಲೋ? ಆಮೇಲೆ ಇಳಿಸಿದ್ರೇನು? ಬ್ಯಾರೆ ಎಲೆಕ್ಷನ್ ಆತೇನು? ಇಲ್ಲ. ಅಂದ ಮ್ಯಾಲೆ ನಾನೇ ಸಿ.ಆರ್."

ಇದರಲ್ಲಿ ಲೋಪ ಹುಡುಕಲು ಮುಂದೆ ವಕೀಲನಾದ ನಮ್ಮ ಸಹಪಾಠಿಗೂ ಆಗಿಲ್ಲ. ಆರಿಸಿದ ಕಥೆಯೂ ಕೇಳಿ. ಚಾಕ್‌ಪೀಸು, ಡಸ್ಟರು ಹೊತ್ತು ತರುವ ಆ ಹುದ್ದೆ ಯಾರಿಗೂ ಬೇಡವಾಗಿತ್ತು. ಹಾಗಾಗಿ ಅವತ್ತು ಜ್ವರವೆಂದು ಮನೆಯಲ್ಲಿ ಮಲಗಿದ್ದ ಇವನನ್ನು ಒಮ್ಮತದಿಂದ ಆರಿಸಿಬಿಟ್ಟೆವು. ಮರುದಿನ ಸುದ್ದಿ ಕೇಳಿದವನು ಬೈಯುತ್ತಾನೆ ಎಂದುಕೊಂಡರೆ, ಸೀದಾ ಮನೆಗೆ ಹೋಗಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ. ಅವತ್ತಿನಿಂದ ಇವತ್ತಿನವರೆಗೆ ಆ ಹುದ್ದೆಗೆ ಅವನು ಒಂದು ದಿನವೂ ತಾತ್ಸಾರ ಮಾಡಿಲ್ಲ.

ಹೊಟ್ಟೆಪಾಡಿಗೆ ಶಾಮನೂರಿನಲ್ಲಿ ಲೇಔಟುಗಳ ನಡುವೆ ಉಳಿದಿರುವ ಒಂದಿಷ್ಟು ಭತ್ತದ ಗದ್ದೆ ಇದೆ, ಎರಡು ಎಮ್ಮೆಗಳಿವೆ. ಮಿಕ್ಕ ಹೊತ್ತೆಲ್ಲ ನಮ್ಮ ಸೇವೆಗೇ ಮೀಸಲು. ಅವನ ಸ್ಕೂಟರಿನ ಡಿಕ್ಕಿಯಲ್ಲಿ ಕೆಂಪು ರಟ್ಟಿನ ಒಂದು ಉದ್ದನೆಯ ಹಾಜರಿ ಪುಸ್ತಕವಿದೆ. ಅದರಲ್ಲಿ ನಮ್ಮ ಕ್ಲಾಸಿನ ನಲವತ್ನಾಲ್ಕು ಜನರ ರೋಲ್ ನಂಬರುಗಳು, ಪ್ರತಿ ನಂಬರಿನ ಮುಂದೆ ಆ ಮನುಷ್ಯನ ಈವರೆಗಿನ ಬದುಕು. ಯಾರಿಗೆ ಯಾವ ಊರಿಗೆ ವರ್ಗವಾಯಿತು, ಯಾರ ಮಗಳು ಏನು ಓದಿದಳು, ಯಾರಿಗೆ ಯಾವ ಕಣ್ಣಿನ ಪೊರೆ ತೆಗೆದರು, ಎಲ್ಲವೂ ಇದೆ. ಹೆಸರು ಹಿಡಿದು ಕರೆಯುವ ಅಭ್ಯಾಸ ಮಾತ್ರ ಅವನಿಗಿಲ್ಲ. ಅವನ ಬಾಯಲ್ಲಿ ನಾನು ಮೂವತ್ತೆರಡು, ಅವನು ಸ್ವತಃ ಹನ್ನೊಂದು.

ಒಮ್ಮೆ ಗೆಳೆಯನ ಮಗಳ ಮದುವೆಯಲ್ಲಿ ನಮ್ಮವರನ್ನೆಲ್ಲ ಒಟ್ಟು ಮಾಡಿ ಫೋಟೋ ತೆಗೆಸಬೇಕೆಂದು ಇವನು ಓಲಗದವರ ಪಕ್ಕದಲ್ಲಿದ್ದ ಮೈಕನ್ನೇ ಕಿತ್ತುಕೊಂಡ. "ರೋಲ್ ನಂಬರ್ ಹದಿನೇಳು ಎಲ್ಲಿದ್ರೂ ಸ್ಟೇಜ್ ಹತ್ರ ಬರ್ರಿ" ಎಂದು ಕೂಗಿದ. ಬಂದವರು ಯಾರು ಗೊತ್ತೇ? ಗಂಡಿನ ಕಡೆಯ ಒಬ್ಬ ಹಿರಿಯರು, ಕೈಯಲ್ಲಿ ಊಟದ ಕೂಪನ್ ಹಿಡಿದುಕೊಂಡು! "ನಂದೇ ಹದಿನೇಳು, ಏನು ಬಹುಮಾನ ಬಂದೈತ್ರಿ?" ಎಂದು ಕೇಳಿದರು. ಬೀಗರನ್ನು ಬರಿಗೈಯಲ್ಲಿ ಕಳಿಸಲಾದೀತೇ? ಹೆಣ್ಣಿನ ಅಪ್ಪ ಪಾಪ, ಉಡುಗೊರೆ ರಾಶಿಯಿಂದ ಒಂದು ಗೋಡೆ ಗಡಿಯಾರ ತೆಗೆದು ಕೊಡಬೇಕಾಯಿತು.

ನಿಮ್ಮ ಕ್ಲಾಸಿಗೆ ವಾಟ್ಸಾಪ್ ಗುಂಪು ಇಲ್ಲವೇ ಎಂದು ನೀವು ಕೇಳಬಹುದು. ಇದೆ. ಆದರೆ ಅದನ್ನು ಅವನು ಕಾಸಿನಷ್ಟೂ ನಂಬುವುದಿಲ್ಲ. "ವಾಟ್ಸಾಪ್‌ನಾಗೆ ಎಲ್ಲಾರೂ ಚೆನ್ನಾಗೇ ಅದಾರೆ ಕಣಪ್ಪ. ಕಣ್ಣಾರೆ ನೋಡಿದ್ರೇನೇ ನಿಜ ತಿಳಿಯೋದು" ಎನ್ನುತ್ತಾನೆ. ಇಪ್ಪತ್ತಾರನೇ ನಂಬರಿನವನು ಗುಂಪಿನಲ್ಲಿ ದಿನಾ ಬೆಳಿಗ್ಗೆ ಪಾರ್ಕಿನಲ್ಲಿ ಐದು ಕಿಲೋಮೀಟರು ನಡೆಯುತ್ತೇನೆಂದು ಹಾಕಿಕೊಂಡಿದ್ದ. ಸಿ.ಆರ್. ಒಂದು ವಾರ ದಾವಣಗೆರೆಯ ಆ ಪಾರ್ಕಿನಲ್ಲಿ ಕಾದು ಕೂತ. ಏಳನೇ ದಿನ ಪುಣ್ಯಾತ್ಮ ಸಿಕ್ಕಿದ್ದು ಪಾರ್ಕಿನ ಹೊರಗಿನ ಗಾಡಿಯ ಮುಂದೆ. ಅವತ್ತು ಹಾಜರಿ ಪುಸ್ತಕದಲ್ಲಿ ಹೊಸ ಮಾಹಿತಿ ಸೇರಿತು: "ವಾಕಿಂಗ್ ಇಲ್ಲ. ಮಿರ್ಚಿ ಐತೆ."

ಕುಕ್ಕುವಾಡದ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯಾಗಿರುವ ಇಪ್ಪತ್ತಮೂರನೇ ನಂಬರಿನವಳನ್ನು ಪರಿಶೀಲಿಸಲು ಹೋದಾಗ ಮಾತ್ರ ಅವನ ಆಟ ನಡೆಯಲಿಲ್ಲ. ಪಾಠ ಚೆನ್ನಾಗಿ ಮಾಡುತ್ತಾಳೋ ಇಲ್ಲವೋ ನೋಡಲು ಹೋಗಿ ಕೊನೆ ಬೆಂಚಿನಲ್ಲಿ ಕೂತ. ಮಕ್ಕಳು ಯಾರೋ ಸಾಹೇಬರು ಬಂದರೆಂದು ಎದ್ದು ನಿಂತು ನಮಸ್ಕಾರ ಹೇಳಿದವು. ಇವನೂ ಗತ್ತಿನಿಂದ ಕೈ ಎತ್ತಿದ. ಆಕೆ ಬೋರ್ಡಿನ ಮೇಲೆ ಒಂದು ಭಿನ್ನರಾಶಿ ಲೆಕ್ಕ ಬರೆದು, "ಹಿಂದೆ ಕೂತಿರೋರು ಬಂದು ಬಿಡಿಸ್ರಿ" ಎಂದಳು. ಉತ್ತರ ತಪ್ಪಾಯಿತು. ಎರಡನೆಯದೂ ತಪ್ಪಾಯಿತು. ಪಾಠ ಮುಗಿಯುವವರೆಗೆ ಆತನನ್ನು ಬಾಗಿಲ ಹೊರಗೆ ನಿಲ್ಲಿಸಿದಳು. "ಇಪ್ಪತ್ತಮೂರು ಭಾಳ ಚಲೋ ಮೇಡಂ ಆಗ್ಯಾಳೆ ಕಣೋ, ಶಿಸ್ತು ಅಂದ್ರೆ ಶಿಸ್ತು" ಎಂದು ಆಮೇಲೆ ಊರೆಲ್ಲ ಸಾರಿಕೊಂಡು ಬಂದ.

ಇಷ್ಟೆಲ್ಲ ನಗುತ್ತ ಹೇಳುತ್ತಿರುವ ನಾನು ಹೋದ ವರ್ಷ ಇವನ ಸ್ಕೂಟರಿನ ಸದ್ದು ಕೇಳಿದರೆ ಸಾಕು, ಅಡಗಿ ಕೂರುತ್ತಿದ್ದೆ! ಕಾರಣ ನಿಮಗೊಬ್ಬರಿಗೆ ಹೇಳುತ್ತೇನೆ.

ಹರಿಹರದಲ್ಲಿ ನನ್ನದು ಮೋಟಾರ್ ರಿವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ಹೊಸ ತಂತಿ ಸುತ್ತಿ ಜೀವ ಬರಿಸುವ ಕೆಲಸ. ಅಂಗಡಿಯ ಬೋರ್ಡಿನಲ್ಲಿ ನನ್ನ ಹೆಸರಿನ ಮುಂದೆ ಬಿ.ಎಸ್ಸಿ. ಎಂದಿದೆ. ಬರೆಸಿದವರು ನಮ್ಮಪ್ಪ. ಲಗ್ನಪತ್ರಿಕೆಯಲ್ಲಿ ಹೆಸರಿನ ಪಕ್ಕ ಡಿಗ್ರಿ ಅಚ್ಚಾಗದಿದ್ದರೆ ನಮ್ಮ ಕಡೆ ಮದುಮಗನಿಗೆ ಬಾಸಿಂಗ ಕಟ್ಟಿದರೂ ಏನೋ ಕಡಿಮೆಯಾದಂತೆ. ನನ್ನ ಪತ್ರಿಕೆಯಲ್ಲೂ ಬಿ.ಎಸ್ಸಿ. ಅಚ್ಚಾಗಿತ್ತು, ಅದೂ ಬಂಗಾರದ ಬಣ್ಣದಲ್ಲಿ! ನಿಜ ಏನೆಂದರೆ, ನಾನು ಬಿ.ಎಸ್ಸಿ. ಆಗಿರಲಿಲ್ಲ. ಗಣಿತದ ಕೊನೆಯ ಪತ್ರಿಕೆಯ ದಿನ ಹರಿಹರದ ಬಸ್ ನಿಲ್ದಾಣದಲ್ಲಿ ಹೆದರಿಕೆಯಾಗಿ, ದಾವಣಗೆರೆ ಬಸ್ಸು ಬಿಟ್ಟು ಕೊಂಡಜ್ಜಿ ಬಸ್ಸು ಹತ್ತಿ, ಸಂಜೆಯವರೆಗೆ ಅಲ್ಲಿಯ ಕೆರೆ ಏರಿಯ ಮೇಲೆ ಕೂತಿದ್ದೆ. ಮನೆಯಲ್ಲಿ "ಹೆಂಗಾತು?" ಎಂದು ಕೇಳಿದಾಗ "ಚೆನ್ನಾಗಾತು" ಎಂದೆ. ಫಲಿತಾಂಶದ ದಿನ "ಪಾಸಾತು" ಎಂದೆ. ಅಪ್ಪ ಓಣಿಗೆಲ್ಲ ಪೇಡೆ ಹಂಚಿದರು. ಪೇಡೆ ಹಂಚಿದ ಮೇಲೆ ನಿಜ ಹೇಳುವ ಧೈರ್ಯ ಯಾವ ಮಗನಿಗಿರುತ್ತದೆ? ಅಪ್ಪ ತೀರಿಕೊಂಡರು. ಹೆಂಡತಿಗೂ ನಾನು ಹೇಳಲಿಲ್ಲ. ಹೇಳಿದರೆ ಇಷ್ಟು ವರ್ಷದ ಅವಳ ನಂಬಿಕೆ ಏನಾದೀತೆಂದು ಹೆದರಿ, ಆ ಮೂರಕ್ಷರ ಹೊತ್ತುಕೊಂಡೇ ತಿರುಗಿದೆ.

ಹೀಗಿರುವಾಗ ನಮ್ಮ ಸಿ.ಆರ್. ಒಂದು ಸ್ಮರಣ ಸಂಚಿಕೆ ತರುವುದಾಗಿ ಘೋಷಿಸಿದ. ಅಂದು ಹೇಗಿದ್ದೆವು, ಇಂದು ಏನಾಗಿದ್ದೇವೆ ಎಂದು ಒಬ್ಬೊಬ್ಬರಿಗೆ ಒಂದೊಂದು ಪುಟ. ಅಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. "ಬಾಯಿ ಮಾತು ನಡಿಯಂಗಿಲ್ಲ. ಎಲ್ಲಾರೂ ಕೊನೇ ವರ್ಷದ ಮಾರ್ಕ್ಸ್ ಕಾರ್ಡ್ ಜೆರಾಕ್ಸ್ ಕೊಡಬೇಕು" ಎಂದು ಆಜ್ಞೆ ಹೊರಡಿಸಿದ! ಅಜ್ಜ ಅಜ್ಜಿಯಂದಿರಾದ ನಮ್ಮವರು ಅಟ್ಟ ಹತ್ತಿ, ಟ್ರಂಕು ತಡಕಿ, ಇಲಿ ಕಡಿದ ಕಾಗದಗಳನ್ನು ಜೆರಾಕ್ಸ್ ಮಾಡಿಸಿದರು. ವಕೀಲನಂತೂ ನೋಟಿಸ್ ಕೊಡುತ್ತೇನೆಂದು ಹಾರಾಡಿ, ಕೊನೆಗೆ ಎಲ್ಲರಿಗಿಂತ ಮೊದಲು ತಂದುಕೊಟ್ಟ.

ನಾನು ಮಾತ್ರ ತಪ್ಪಿಸಿಕೊಂಡೆ. ಮಾರ್ಕ್ಸ್ ಕಾರ್ಡ್ ಗೆದ್ದಲು ತಿಂದಿತು ಎಂದೆ. "ಯಾವ ಬೀರುವಿನಾಗೆ? ತೋರ್ಸು, ಔಷಧಿ ಹೊಡೀತೀನಿ" ಎಂದ. ಊರಲ್ಲಿಲ್ಲ ಎಂದು ಫೋನಿನಲ್ಲಿ ಹೇಳಿದೆ. "ಹಿಂದೆ ನಿಮ್ಮ ಓಣಿ ಹಿಟ್ಟಿನ ಗಿರಣಿ ಸದ್ದು ಕೇಳ್ತೈತಲ್ಲಲೇ!" ಎಂದ. ಒಂದು ದಿನ ಅಂಗಡಿಗೇ ಬಂದಾಗ ದೊಡ್ಡ ಮೋಟಾರಿನ ಹಿಂದೆ ಕುಕ್ಕರುಗಾಲಿನಲ್ಲಿ ಕೂತೆ. ನನ್ನ ಊಟದ ಡಬ್ಬಿ ತಂದಿದ್ದ ಹೆಂಡತಿ ಪಾಪ, "ಒಳಗೇ ಅದಾರ್ರಿ ಅಣ್ಣಾರೆ, ಅಗೋ ಮೋಟ್ರ ಹಿಂದೆ" ಎಂದು ಬೆರಳು ತೋರಿಸಿದಳು. ಮೊಣಕಾಲು ಹಿಡಿದುಕೊಂಡಿತ್ತು. ಅವನೇ ಕೈ ಕೊಟ್ಟು ಎಬ್ಬಿಸಿದ.

ಮರು ಭಾನುವಾರ ಸೀದಾ ಮನೆಗೆ ಬಂದ. ಹೆಂಡತಿ ಚಹಾ ತಂದಿಟ್ಟು ಎದುರಿಗೇ ಕೂತಳು. ಅವನು ಹಾಜರಿ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ನನ್ನ ಮುಖ ನೋಡಿದ. ಎಲ್ಲಿಗೆ ಓಡುವುದು? ಐವತ್ತೇಳು ವರ್ಷ ವಯಸ್ಸಿನಲ್ಲಿ ಕೊಂಡಜ್ಜಿಗೆ ಬಸ್ಸು ಹತ್ತಲೇ?

"ಮಾರ್ಕ್ಸ್ ಕಾರ್ಡ್ ಇಲ್ಲ ಕಣೋ," ಎಂದೆ. "ಇರ್ಲೇ ಇಲ್ಲ. ಕೊನೇ ಪೇಪರ್ ನಾನು ಬರೀಲೇ ಇಲ್ಲ."

ಮೊದಲು ಮಾತಾಡಿದವಳು ಹೆಂಡತಿ.

"ಮಗಳಿಗೆ ಹತ್ತನೇ ಕ್ಲಾಸಿನಾಗೆ ಗಣಿತದಾಗೆ ಎಂಬತ್ತೆರಡು ಬಂತು ಅಂತ ಎರಡು ದಿನ ಅದರ ಕೂಡ ಮಾತು ಬಿಟ್ಟಿದ್ರಿ. ನೆನಪೈತಾ?"

"ಐತೆ."

"ನನಗೆ ಇಷ್ಟು ವರ್ಷ ಸುಳ್ಳು ಹೇಳಿದ್ದಕ್ಕೆ ಆಮ್ಯಾಲೆ ಜಗಳ ಆಡ್ತೀನಿ. ಅದು ಇದ್ದೇ ಐತೆ. ಮೊದಲು ಅವಳಿಗೆ ಫೋನ್ ಮಾಡಿ ನೀವೇ ಬಾಯಿ ಬಿಟ್ಟು ಹೇಳ್ರಿ."

ಮಾಡಿದೆ. ಮಗಳು ಎಷ್ಟು ಹೊತ್ತು ನಕ್ಕಳೆಂದರೆ, ಫೋನ್ ಕಟ್ಟಾಯಿತೇನೋ ಎಂದು ಎರಡು ಸಲ ನೋಡಿಕೊಂಡೆ. ನಾನು ತಲೆ ತಗ್ಗಿಸಿ ಕೂತಿದ್ದಾಗ ಸಿ.ಆರ್. ಚಹಾವನ್ನು ಬಸಿಗೆ ಸುರಿದುಕೊಂಡು ಕುಡಿದು, ಬಸಿ ಕೆಳಗಿಟ್ಟು, "ನನಗೆ ಗೊತ್ತಿತ್ತು" ಎಂದ.

ಪುಸ್ತಕ ಬಿಚ್ಚಿ ತೋರಿಸಿದ. ಫಲಿತಾಂಶದ ದಿನ ನೋಟಿಸ್ ಬೋರ್ಡು ನೋಡಿ ಎಲ್ಲರದ್ದೂ ಬರೆದಿಟ್ಟುಕೊಂಡಿದ್ದ. ಅವನು ಬಿಚ್ಚಿದ ಪುಟದಲ್ಲಿ ಎಲ್ಲರ ಮುಂದೆ ಪೆನ್ನಿನಲ್ಲಿ ಪಾಸು, ಸೆಕೆಂಡ್ ಕ್ಲಾಸು ಎಂದಿತ್ತು. ಮೂವತ್ತೆರಡರ ಮುಂದೆ ಮಾತ್ರ ಪೆನ್ಸಿಲ್ಲಿನಲ್ಲಿ, ಮಾಸಿ ಹೋದ ಅಕ್ಷರದಲ್ಲಿ, "ಬಾಕಿ" ಎಂದಿತ್ತು.

"ಗೊತ್ತಿದ್ದೂ ಊರ ಮಂದಿಗೆಲ್ಲ ಯಾಕ ಮಾರ್ಕ್ಸ್ ಕಾರ್ಡ್ ಕೇಳಿದೆ?"

"ನಿನ್ನೊಬ್ಬಂದೇ ಕೇಳಿದ್ರೆ ನಿನಗೆ ಬೇಜಾರಾಗ್ತೈತಲ್ಲಲೇ. ಅದಕ್ಕೆ ಎಲ್ಲಾರದ್ದೂ ಕೇಳ್ದೆ." ಜೇಬಿನಿಂದ ಮಡಿಸಿದ ಕಾಗದ ತೆಗೆದ. "ಯೂನಿವರ್ಸಿಟಿಯೋರು ಹಳೇ ಬಾಕಿ ಇದ್ದೋರಿಗೆ ಇದೊಂದು ಸಲ ಪರೀಕ್ಷೆ ಕಟ್ಟೋಕೆ ಬಿಟ್ಟಾರೆ. ಅರ್ಜಿ ತಂದೀನಿ. ನೀನಾಗೇ ಬಾಯಿ ಬಿಡ್ಲಿ ಅಂತ ಕಾದೆ."

ಕಾಗದ ಬಿಡಿಸಿದರೆ ಒಂದಲ್ಲ, ಎರಡು ಅರ್ಜಿ. ಒಂದು ಕೆಟ್ಟರೆ ಇನ್ನೊಂದಿರಲಿ ಎಂದು ತಂದಿದ್ದಾನೆ ಎಂದುಕೊಂಡೆ. ಆದರೆ ಎರಡನೆಯದು ಆಗಲೇ ತುಂಬಿಯಾಗಿತ್ತು, ಅವನದೇ ಹೆಸರಿನಲ್ಲಿ! ಪುಸ್ತಕ ಎಳೆದುಕೊಂಡು ಹನ್ನೊಂದನೇ ನಂಬರು ನೋಡಿದೆ. ಅಲ್ಲೂ ಪೆನ್ಸಿಲ್ಲು. ಅಲ್ಲೂ "ಬಾಕಿ".

"ನೀನೂ ಬರೀಲಿಲ್ಲೇನು? ಯಾಕಲೇ?"

"ಅವತ್ತು ಗೇಟಿನಾಗೆ ತಲೆ ಎಣಿಸಿದೆ. ಒಂದು ಕಮ್ಮಿ ಬಂತು. ಹರಿಹರದ ಬಸ್ಸಿಗೆ ಬರ್ತಿಯೇನೋ ಅಂತ ಬಸ್‌ಸ್ಟ್ಯಾಂಡಿಗೆ ಓಡಿದೆ. ಇದೊಂದು ಬಸ್ ನೋಡಿ ಹೋಗೋಣ, ಇದೊಂದು ನೋಡಿ ಹೋಗೋಣ ಅಂತ ನಾಲ್ಕು ಬಸ್ ನೋಡ್ದೆ. ವಾಪಸ್ ಬರೋದ್ರಾಗೆ ಗೇಟು ಹಾಕಿದ್ರು." ಇಷ್ಟು ಹೇಳಿ ನಕ್ಕ. "ಆಮ್ಯಾಲೆ ಮನೆ, ಗದ್ದೆ, ಹಂಗೇ ಉಳಿದುಬಿಡ್ತು. ಒಬ್ಬನೇ ಹೋಗಿ ಬರಿಯೋಕೆ ಮನಸ್ಸಾಗಲಿಲ್ಲ. ಬರ್ದ್ರೆ ಇಬ್ರೂ ಬರಿಯೋಣ ಅಂತ ಇದ್ದೆ."

ನಾನು ಕೆರೆ ಏರಿಯ ಮೇಲೆ ಕಲ್ಲೆಸೆಯುತ್ತ ಕೂತಿದ್ದ ಹೊತ್ತಿನಲ್ಲಿ ಇವನು ಬಸ್ಸಿಂದ ಬಸ್ಸಿಗೆ ಇಣುಕಿ ನೋಡುತ್ತಿದ್ದ. ನಾವು ತಮಾಷೆಗೆ ಆರಿಸಿದ ಸಿ.ಆರ್.! ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಅಣ್ಣಾರೆ, ಊಟ ಮಾಡ್ಕೊಂಡು ಹೋಗ್ರಿ" ಎಂದು ಒಳಗೆ ಹೋದಳು.

ಆಮೇಲಿನ ನಾಲ್ಕು ತಿಂಗಳು ನಮ್ಮ ಮನೆಯಲ್ಲಿ ನಡೆದದ್ದನ್ನು ಏನೆಂದು ಹೇಳಲಿ! ಭಾನುವಾರ ಮಗಳು ವಿಡಿಯೋ ಕರೆಯಲ್ಲಿ ನಮ್ಮಿಬ್ಬರಿಗೂ ಟ್ಯೂಷನ್. ಎಂಬತ್ತೆರಡಕ್ಕಿಂತ ಒಂದು ಕಡಿಮೆ ಬಂದರೆ ಎರಡು ದಿನ ಮಾತು ಬಿಡುತ್ತೇನೆಂದು ಅವಳ ಬೆದರಿಕೆ. ಕುಕ್ಕುವಾಡದ ಮೇಡಂ ಹಳೆಯ ನೋಟ್ಸು ಕಳಿಸಿದಳು. ಮಿರ್ಚಿಯವನು ನಿಜವಾಗಿಯೂ ವಾಕಿಂಗ್ ಶುರು ಮಾಡಿ, ದಿನಾ ಆರು ಗಂಟೆಗೆ ಫೋನ್ ಮಾಡಿ ನಮ್ಮನ್ನು ಓದಲು ಎಬ್ಬಿಸಿದ. ಹೆಂಡತಿ ಬಾಕಿ ಇಟ್ಟಿದ್ದ ಜಗಳವನ್ನು ಕಂತಿನಲ್ಲಿ ಆಡಿದಳು, ಓದುವ ಹೊತ್ತು ಬಿಟ್ಟು.

ಪರೀಕ್ಷೆಯ ದಿನ ಬೆಳಿಗ್ಗೆ ಏಳಕ್ಕೆ ತಾನೇ ಹರಿಹರಕ್ಕೆ ಬಂದು ನನ್ನನ್ನು ಕರೆದೊಯ್ಯುತ್ತೇನೆಂದು ಅವನು ಹೇಳಿದ್ದ. "ಬಸ್ಸಿನ ಮ್ಯಾಲೆ ನನಗೆ ನಂಬಿಕೆ ಇಲ್ಲ" ಎಂದಿದ್ದ. ನಾನು ಐದೂವರೆಗೇ ಬೈಕು ತೆಗೆದು ಆರು ಗಂಟೆಗೆ ಶಾಮನೂರಿನ ಅವನ ಮನೆಯ ಗೇಟಿನಲ್ಲಿ ನಿಂತೆ. ಎಮ್ಮೆ ಕರೆಯುತ್ತಿದ್ದವನು ಹಾಲಿನ ಚೊಂಬು ಹಿಡಿದುಕೊಂಡೇ ಓಡಿ ಬಂದ. ನನ್ನನ್ನು ನೋಡಿ ಅವನ ಮುಖ ಇಳಿದುಹೋಯಿತು.

"ಏನಾತಲೇ? ಪರೀಕ್ಷೆ ಬ್ಯಾಡ ಅಂತ ಹೇಳೋಕೆ ಬಂದೆಯೇನು?"

"ಇಲ್ಲ ಕಣಲೇ. ಈ ಸಲ ನೀನು ಕಾಯೋದು ಬ್ಯಾಡ ಅಂತ ಬಂದೆ."

ಅವನು ಚೊಂಬನ್ನು ಕಾಂಪೌಂಡಿನ ಮೇಲಿಟ್ಟ. ಲುಂಗಿಗೆ ಕೈ ಒರೆಸಿಕೊಂಡು ಸ್ಕೂಟರಿನ ಡಿಕ್ಕಿ ತೆಗೆದು, ಕೆಂಪು ಪುಸ್ತಕ ಬಿಚ್ಚಿ, ಮೂವತ್ತೆರಡರ ಮುಂದೆ ಪೆನ್ನಿನಲ್ಲಿ "ಹಾಜರ್" ಎಂದು ಬರೆದ. ಬರೆದು ಮುಚ್ಚಲು ಹೋದವನ ಕೈಯಿಂದ ಪೆನ್ನು ಇಸಿದುಕೊಂಡೆ. ಇಷ್ಟು ವರ್ಷ ನಮ್ಮೆಲ್ಲರ ಹಾಜರಿ ತೆಗೆದವನ ಹಾಜರಿಯನ್ನು ಯಾರೂ ತೆಗೆದಿರಲಿಲ್ಲ. ಹನ್ನೊಂದರ ಮುಂದೆ ನಾನು ಬರೆದೆ.