ಸಂಡಿಗೆ ಒಣಗುವ ಬಾಲ್ಕನಿಯಲ್ಲಿ ಸೌರ ಅವಕಾಶಗಳ ಬಗ್ಗೆ

ಬಿಸಿಲು ಸದುಪಯೋಗ ಉಪಸಮಿತಿ
(ಕನ್ನಡಿಗರ ಬಳಗದ ಅಧೀನದಲ್ಲಿ), ಗ್ಯೋಟೋಕು, ಜಪಾನ್

ಸಂಖ್ಯೆ: ಬಿಸಉ/ಸಂಡಿಗೆ/14/2025
ದಿನಾಂಕ: 21-05-2025, ಬುಧವಾರ

ವಿಷಯ: ಜಪಾನ್ ದೇಶವು ಸೂರ್ಯ ಮತ್ತು ಗಾಳಿಯ ವಿದ್ಯುತ್ತಿಗೆ ಹೊರಳುತ್ತಿರುವುದರಿಂದ ಒದಗುವ ಆರ್ಥಿಕ ಅವಕಾಶಗಳನ್ನು ಹಿಡಿಯುವ ಕುರಿತು.

ಉಲ್ಲೇಖ: 1) ಉಪಸಮಿತಿಯ ಸಂಡಿಗೆ ತೆರವು ಆದೇಶ (ಜಾರಿಯಾಗಿಲ್ಲ).
2) ಶ್ರೀಮತಿ ಮೈತ್ರೇಯಿ ಅವರ ಮೌಖಿಕ ಆಕ್ಷೇಪಣೆ (ಅಡುಗೆಮನೆಯಿಂದ).

ಪ್ರಸ್ತಾವನೆ:
ಮೇಲ್ಕಂಡ ಅವಕಾಶಗಳು ಬಳಗದವರ ಕೈತಪ್ಪಬಾರದೆಂದು ಉಪಸಮಿತಿಯು ಸಂಚಾಲಕರಾದ ಶ್ರೀ ಹರಿಹರ ಅವರ ಮನೆಯಲ್ಲಿ ಹನ್ನೊಂದು ಬಾರಿ ಸಭೆ ಸೇರಿದ್ದು, ನಲವತ್ತಾರು ಸ್ಲೈಡುಗಳ ಒಂದು ಪಿಪಿಟಿಯನ್ನು ಸಿದ್ಧಪಡಿಸಿದೆ. ಹನ್ನೊಂದು ಸಭೆಗಳಿಗೂ ಕಾಫಿ ಒದಗಿಸಿದವರು ಸಂಚಾಲಕರ ಪತ್ನಿ ಶ್ರೀಮತಿ ಮೈತ್ರೇಯಿ. ಇವರು ದಾವಣಗೆರೆಯ ಪಾಲಿಟೆಕ್ನಿಕ್ಕಿನಲ್ಲಿ ಆರು ವರ್ಷ ಎಲೆಕ್ಟ್ರಿಕಲ್ ವಿಭಾಗದ ಉಪನ್ಯಾಸಕಿಯಾಗಿದ್ದರೆಂಬ ಅಂಶವು ಯಾವ ಸ್ಲೈಡಿನಲ್ಲೂ ಕಂಡುಬರುವುದಿಲ್ಲ.

ಪ್ರಾಯೋಗಿಕ ಸೋಲಾರ್ ಪ್ಯಾನೆಲ್ ಇಡಲು ಸದರಿ ಮನೆಯ ಬಾಲ್ಕನಿಯಿಂದ ಸಂಡಿಗೆ ತೆಗೆಯುವಂತೆ ಆದೇಶಿಸಿದಾಗ ಶ್ರೀಮತಿಯವರು, "ಆ ಮೂಲೇಲಿ ಇಟ್ರೆ ಹನ್ನೊಂದು ಗಂಟೆಗೆಲ್ಲ ಎದುರು ಬಿಲ್ಡಿಂಗ್ ನೆರಳು ಬೀಳುತ್ತೆ ರೀ. ಸಂಡಿಗೇನೇ ಒಣಗದ ಜಾಗದಲ್ಲಿ ಕರೆಂಟ್ ಎಲ್ಲಿಂದ ಬರುತ್ತೆ?" ಎಂದಿರುತ್ತಾರೆ. ಇದನ್ನು ನಡಾವಳಿಯಲ್ಲಿ "ಸಭೆಗೆ ಅಡಚಣೆ" ಎಂದು ದಾಖಲಿಸಿ, ಪ್ಯಾನೆಲನ್ನು ಅದೇ ಮೂಲೆಯಲ್ಲಿ ಇಡಲಾಯಿತು. ಅದರಿಂದ ಒಂದು ದಿನಕ್ಕೆ ಒಂದು ಮೊಬೈಲ್ ಅರ್ಧ ಚಾರ್ಜ್ ಆಯಿತು.

ಪ್ಯಾನೆಲ್ ಕಂಪನಿಯ ಕುರೋದಾ ಸಾನ್ ಪರಿಶೀಲನೆಗೆ ಬಂದು, ಹಲ್ಲುಗಳ ನಡುವೆ ಉದ್ದಕ್ಕೆ ಉಸಿರೆಳೆದುಕೊಂಡು, "ಯೋಚಿಸಿ ನೋಡುತ್ತೇವೆ" ಎಂದರು. ಜಪಾನಿನಲ್ಲಿ ಹಾಗೆಂದರೆ ಆಗುವುದಿಲ್ಲ ಎಂದರ್ಥ. ಉಪಸಮಿತಿಯು ಆಯಿತು ಎಂದುಕೊಂಡು, ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದಂತೆ ಕೇಸರಿಬಾತು ಹಂಚಿತು. ಅಷ್ಟರಲ್ಲಿ ಕುರೋದಾ ಸಾನ್ ಬಾಲ್ಕನಿ ಬಾಗಿಲಿನ ಕ್ಯಾಲೆಂಡರ್ ನೋಡಿದರು. ಯಾವ ದಿನ ಎಷ್ಟು ಗಂಟೆಗೆ ಎಲ್ಲಿಗೆ ನೆರಳು ಬರುತ್ತದೆಂದು ಶ್ರೀಮತಿಯವರು ಎರಡು ವರ್ಷದಿಂದ ಸಂಡಿಗೆಗಾಗಿ ಗುರುತು ಹಾಕಿದ್ದರು. ಸೋಲಾರ್ ಅಳವಡಿಸುವ ಕಟ್ಟಡಗಳ ನೆರಳು ಸಮೀಕ್ಷೆಯ ಕೆಲಸಕ್ಕೆ ಬರುತ್ತೀರಾ ಎಂದು ಕುರೋದಾ ಸಾನ್ ಸ್ಥಳದಲ್ಲೇ ಕೇಳಿದರು. ಅವಲಂಬಿತ ವೀಸಾದಲ್ಲಿರುವ ಶ್ರೀಮತಿಯವರಿಗೆ ವಾರಕ್ಕೆ ಇಪ್ಪತ್ತೆಂಟು ಗಂಟೆಯವರೆಗೆ ದುಡಿಯುವ ಸರ್ಕಾರಿ ಅನುಮತಿಯೂ ಈಗ ಬಂದಿದೆ. ಶ್ರೀಮತಿಯವರು ಮಾತ್ರ ಒಪ್ಪಿಗೆ ತಿಳಿಸಿಲ್ಲ. "ಚಿನ್ಮಯಿನ ಸ್ಕೂಲಿಂದ ಯಾರು ಕರ್ಕೊಂಡ್ ಬರ್ತಾರೆ?" ಎಂದು ಮಗಳ ಬಗ್ಗೆಯಷ್ಟೇ ಕೇಳಿರುತ್ತಾರೆ. ಐದು ದಿನಗಳಿಂದ ಈ ಪ್ರಶ್ನೆ ಉಪಸಮಿತಿಯ ಪರಿಶೀಲನೆಯಲ್ಲಿದೆ.

ಆದುದರಿಂದ ಈ ಮೂಲಕ ಸೂಚಿಸಲಾಗಿದೆ:

1. ಸಂಡಿಗೆಯನ್ನು ಇನ್ನು ಮುಂದೆ ಮಾಪನ ಉಪಕರಣವೆಂದು ಪರಿಗಣಿಸತಕ್ಕದ್ದು. ಸದಸ್ಯರು ಉಪಕರಣವನ್ನು ಕರಿದು ತಿನ್ನತಕ್ಕದ್ದಲ್ಲ.

2. ಬಾಳಕದ ಮೆಣಸಿನಕಾಯಿಗೂ ಇದೇ ಸ್ಥಾನಮಾನ ಕೋರಿ ಸದಸ್ಯರಾದ ಶ್ರೀ ಪ್ರದೀಪ ಅವರು ಸಲ್ಲಿಸಿರುವ ಅರ್ಜಿಯನ್ನು ತಜ್ಞರ ಅಭಿಪ್ರಾಯಕ್ಕೆ ಕಳುಹಿಸಲಾಗಿದೆ. ತಜ್ಞರು ಶ್ರೀಮತಿ ಮೈತ್ರೇಯಿ ಅವರೇ ಆಗಿರುವುದರಿಂದ ಅವರ ಬಿಡುವು ನೋಡಿಕೊಂಡು ವಿಚಾರಿಸುವುದು.

3. ಸಭೆಗಳಲ್ಲಿ ಕಾಫಿಯನ್ನು ಸದಸ್ಯರೇ ಮಾಡಿಕೊಳ್ಳತಕ್ಕದ್ದು. ಡಿಕಾಕ್ಷನ್ ಎಷ್ಟು ಹೊತ್ತಿಗೆ ಇಳಿಯುತ್ತದೆ ಎಂದು ಕೇಳಲು ಶ್ರೀಮತಿಯವರಿಗೆ ಕೆಲಸದ ವೇಳೆಯಲ್ಲಿ ಫೋನ್ ಮಾಡುವುದನ್ನು ನಿಷೇಧಿಸಲಾಗಿದೆ. ಹಗಲೂ ರಾತ್ರಿ ತೆರೆದಿರುವ ಕೊಂಬಿನಿ ಅಂಗಡಿಯಲ್ಲಿ ಡಬ್ಬಿ ಕಾಫಿ ದೊರೆಯುತ್ತದೆ.

4. "ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರು" ಎಂಬ ಗಾದೆಯನ್ನು ಉಪಸಮಿತಿಗೆ ಅನ್ವಯಿಸತಕ್ಕದ್ದಲ್ಲ. ಸಂಚಾಲಕರಿಗೆ ಅದನ್ನು ಅವರ ಅತ್ತೆಯವರು ವಿಡಿಯೋ ಕರೆಯಲ್ಲಿ ಈಗಾಗಲೇ ಎರಡು ಬಾರಿ ಅನ್ವಯಿಸಿದ್ದಾರೆ.

5. ಮಗಳನ್ನು ಮೂರು ಗಂಟೆಗೆ ಸಂಚಾಲಕರೇ ಕರೆತರತಕ್ಕದ್ದು. ಮಗಳು ದಾರಿಯುದ್ದಕ್ಕೂ ಜಪಾನಿಯಲ್ಲಿ ಮಾತನಾಡಿದರೂ ತಲೆಯಾಡಿಸುತ್ತ ಬರತಕ್ಕದ್ದು.

6. ನಾಲ್ಕು ವರ್ಷದಿಂದ ಮನೆಯಲ್ಲೇ ಇದ್ದ ಇಂಜಿನಿಯರನ್ನು ಹೊರಗಿನವರೊಬ್ಬರು ಗುರುತಿಸಬೇಕಾಗಿ ಬಂದುದಕ್ಕೆ ಸಂಚಾಲಕರಿಗೆ ನಾಚಿಕೆಯಾಗಿದೆ. ಸಂತೋಷವೂ ಆಗಿದೆ, ಬಹಳವಾಗಿ. ಎರಡನ್ನೂ ಕಡತಕ್ಕೆ ಸೇರಿಸಲಾಗಿದೆ.

7. ಮೇಲ್ಕಂಡ ಎಲ್ಲ ಅಂಶಗಳನ್ನು ಕೂಲಂಕಷವಾಗಿ ಪರಿಶೀಲಿಸಿ, ಶ್ರೀಮತಿ ಮೈತ್ರೇಯಿ ಅವರು ಕೆಲಸಕ್ಕೆ ಸೇರಲು ಉಪಸಮಿತಿಯು ಈ ಮೂಲಕ ಸರ್ವಾನುಮತದಿಂದ ಅನುಮತಿ ನೀಡಿದೆ.

(ಸಹಿ)
ಹರಿಹರ
ಸಂಚಾಲಕರು, ಬಿಸಿಲು ಸದುಪಯೋಗ ಉಪಸಮಿತಿ

ಪ್ರತಿಗಳು:
1. ಕುರೋದಾ ಸಾನ್ ಅವರಿಗೆ, ಕ್ಷಮಾಪಣೆಯೊಂದಿಗೆ.
2. ಶ್ರೀ ಪ್ರದೀಪ ಅವರಿಗೆ, ಅರ್ಜಿಗೆ ಲಗತ್ತಿಸಿದ್ದ ಮೆಣಸಿನಕಾಯಿಯನ್ನು ಹಿಂದಿರುಗಿಸಿದೆ.
3. ಸಂಚಾಲಕರ ಅತ್ತೆಯವರಿಗೆ, ದಯವಿಟ್ಟು ಅಂಶ 4 ಗಮನಿಸಲು.
4. ಶ್ರೀಮತಿ ಮೈತ್ರೇಯಿ ಅವರಿಗೆ, ಅಂಶ 7ರ ಅನುಮತಿಯ ಸಲುವಾಗಿ. ಖುದ್ದಾಗಿ ನೀಡಲು ಹೋದಾಗ ಅವರು ಬೆಳಗ್ಗೆಯೇ ಕೆಲಸಕ್ಕೆ ಹೋಗಿರುವುದು ಕಂಡುಬಂದಿದೆ. ಪ್ರತಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಲಾಗಿದೆ.